ಅಯಸ್ಕಾಂತಕ್ಕೆ ಗೊತ್ತಿದ್ದಷ್ಟು

ಏಳಡಿಗೆ ಎರಡಂಗುಲ ಕಡಿಮೆ ಅಗಲ,
ಅರವತ್ತಡಿ ಉದ್ದ. ಇದನ್ನು ದೋಣಿ ಅನ್ನುವುದಕ್ಕಿಂತ
ತೇಲುವ ಓಣಿ ಅನ್ನಬಹುದು.
ವರ್ಷವಿಡೀ ಬಾಡಿಗೆಗೆ ಬಿಡುತ್ತೇವೆ:
ವಾರಕ್ಕಿಷ್ಟು, ಡೀಸೆಲ್ ಬೇರೆ, ನಾಯಿಯಿದ್ದರೆ ಇಪ್ಪತ್ತು ಪೌಂಡ್ ಹೆಚ್ಚು.
ಸೆಪ್ಟೆಂಬರಿನ ಮೊದಲ ಶನಿವಾರ ಮಾತ್ರ
ಬಾಡಿಗೆಯಿಲ್ಲ, ಬಕೆಟ್ಟು ಇರುತ್ತದೆ.

ಹಳದಿ ಬಕೆಟ್ಟು, ಪ್ಲಾಸ್ಟಿಕ್ಕಿನದು.
ಅದರ ಮೇಲೆ ಹಾಸ್ಪಿಸ್ಸಿನ ಹೆಸರು ಗ್ಲೆನಿಸ್ ಬರೆದದ್ದು;
ಜಾಗ ಸಾಲದೆ ಕೊನೆಯೆರಡು ಅಕ್ಷರ ಕೆಳಗಿಳಿದಿವೆ.
ಬರೆದ ಮೂರನೇ ವರ್ಷ ಅವಳೇ ಹೋಗಿ
ಅಲ್ಲಿ ಹನ್ನೊಂದು ದಿನ ಇದ್ದಳು.
ಆ ಅಕ್ಷರಗಳನ್ನು ಯಾರೂ ಮೇಲೆತ್ತಿ ಬರೆಯಲಿಲ್ಲ.

ಹತ್ತು ಗಂಟೆಗೆ ಬಂದರು ಹಳೇ ಗಿರಾಕಿಗಳು.
ಮದುವೆಯಾದ ವಾರ ನಮ್ಮ ದೋಣಿಯಲ್ಲೇ ಜಗಳ ಶುರುಮಾಡಿ
ಮೂವತ್ತು ವರ್ಷವಾದರೂ ಮುಗಿಸದ ಪಿಕರಿಂಗ್ ದಂಪತಿ;
ತಾನು ಮಾಡಿ ತಂದ ನಿಂಬೆ ಕೇಕಿಗೆ
ತಾನೇ ಕಾವಲು ಕೂತ ಎನಿಡ್;
ವುಲ್ವರ್‌ಹ್ಯಾಂಪ್ಟನ್ನಿನ ಬಸ್ ಡ್ರೈವರ್ ಸುಖ್‌ಜಿಂದರ್,
ಜೊತೆಗೆ ಏಳು ವರ್ಷದ ಮೊಮ್ಮಗ ಜೋರಾವರ್:
"ಇದ್ಯಾಕೆ ಇಷ್ಟು ನಿಧಾನ?"

ಗಂಟೆಗೆ ಮೂರು ಮೈಲಿ, ಮಗು.
ದಡದ ಮೇಲೆ ಕೋಲೂರಿ ನಡೆಯುತ್ತಿದ್ದ ಮುದುಕಿ
ನಮ್ಮನ್ನು ಹಿಂದೆ ಹಾಕಿ, ತಿರುಗಿ, ಕೈಬೀಸಿದಳು.
ಕಟ್ಟಿಹಾಕಿದ ದೋಣಿಗಳ ಪಕ್ಕ ಇನ್ನೂ ನಿಧಾನ.
ಒಳಗೆ ಯಾರದೋ ಚಹಾ ತುಳುಕಬಾರದು.
ಈ ನಾಲೆಯ ಮಡಿಮೈಲಿಗೆ ಇಷ್ಟೇ.

ಐದನೇ ಲಾಕಿನಲ್ಲಿ ಆದದ್ದು.
ನೀರು ಇಳಿಯುತ್ತಿತ್ತು, ನೀರಿನೊಡನೆ ನಾವು,
ಪಾಚಿಗೋಡೆಗಳ ನಡುವೆ, ಬಾವಿಗೆ ಬಿಟ್ಟ ಕೊಡದಂತೆ.
ಮೇಲೆ, ಗೇಟಿನ ದಿಮ್ಮಿಗೆ ಬೆನ್ನು ಕೊಟ್ಟು ಅಜ್ಜ;
ಪಕ್ಕದಲ್ಲಿ ಜೋರಾವರ್, ಎರಡೂ ಕೈಯಲ್ಲಿ ಬಕೆಟ್ಟು.
ಸೇತುವೆಯಿಂದ ಯಾರೋ ಒಂದು ನಾಣ್ಯ ಚಿಮ್ಮಿದರು.
ಹುಡುಗ ಒಂದು ಕೈ ಬಿಟ್ಟ.
ಕ್ಯಾಚು ಹಿಡಿದ.
ಬಕೆಟ್ಟು ಹಿಡಿಯಲಿಲ್ಲ.

ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ, ಹೇಳಲು ಬಾರದು.
ಬರಿ ಬಕೆಟ್ಟು ತೇಲುತ್ತಾ ಬಂದು
ನಮ್ಮ ದೋಣಿಯ ಮೂತಿಗೆ ಮೆತ್ತಗೆ ತಾಗಿತು.

ಕ್ಲೈವ್ ಬೈಯಲಿಲ್ಲ. ಎಂಬತ್ತೊಂದರ ಮನುಷ್ಯ, ಗ್ಲೆನಿಸಳ ಗಂಡ.
ಹಗ್ಗಕ್ಕೆ ಕಟ್ಟಿದ ಅಯಸ್ಕಾಂತ ತಂದ;
ಗಿರಾಕಿಗಳು ಬೀಳಿಸುವ ಲಾಕಿನ ಹಿಡಿಕೆ ಎತ್ತುವುದಕ್ಕೆ
ಸದಾ ಇರುತ್ತದೆ ಅವನ ಬಳಿ.
ಹಿಂದೆ ನಾಲ್ಕು ದೋಣಿ ಕಾಯುತ್ತಿದ್ದವು.
ಒಬ್ಬ ಗಡಿಯಾರ ನೋಡಿದ, ಒಬ್ಬಳು ಕೊಡೆಯಿಂದ ತೋರಿಸಿದಳು:
"ಅಲ್ಲಿ, ಅಲ್ಲಿ, ಗೋಡೆಯ ಬುಡದಲ್ಲಿ."
ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ, ಅಂದುಕೊಂಡೆ ನಾನು.

ಬಂದವು. ಇಬ್ಬಲದ ಹಾಗೆ ಕಚ್ಚಿಕೊಂಡು
ಒಂದು ಪೆನ್ನಿ, ಎರಡು ಪೆನ್ನಿ, ಐದು, ಹತ್ತು,
ಸೈಕಲ್ಲಿನ ಗಂಟೆ, ನಮ್ಮವೇ ಮೂರು ಹಿಡಿಕೆ.
ಪೌಂಡು ಒಂದೂ ಬರಲಿಲ್ಲ.
"ಯಾಕೆ?" ಅಂದ ಹುಡುಗ, ಇನ್ನೂ ಮುಷ್ಟಿ ಬಿಗಿದವನು.
"ಪೆನ್ನಿಯ ಹೊಟ್ಟೆಯಲ್ಲಿ ಉಕ್ಕಿದೆ, ತಾಮ್ರ ಬರೀ ಅಂಗಿ.
ದೊಡ್ಡ ನಾಣ್ಯಕ್ಕೆ ಆ ಸೆಳೆತ ಇಲ್ಲ, ಮಗೂ.
ಕರೆದರೆ ಬರುವುದಿಲ್ಲ."

ಪಿಕರಿಂಗ್ ಹೆಂಡತಿ ನಕ್ಕಳು, ಗಂಡನ ಕಡೆ ನೋಡಿ.
ಎನಿಡ್ ಕೇಕಿನ ಮೇಲಿನ ಕೈ ತೆಗೆದಳು,
ಕಾಯುತ್ತಿದ್ದ ದೋಣಿಗಳಿಗೂ ಒಂದೊಂದು ತುಂಡು,
ಬೆಲೆ ಹೇಳಲಿಲ್ಲ, ಬಕೆಟ್ಟು ಮಾತ್ರ ಮುಂದೆ ಹಿಡಿದಳು.
ಗಡಿಯಾರದವನು ಕೇಕು ತಿಂದ. ಕೊಡಲಿಲ್ಲ.

ಸಂಜೆ, ಇಳಿಯುವಾಗ, ಜೋರಾವರ್ ಮುಷ್ಟಿ ಬಿಚ್ಚಿದ.
ಅವನು ಹಿಡಿದ ಕ್ಯಾಚು ಪೌಂಡಾಗಿರಲಿಲ್ಲ;
ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಗೆ ಹಾಕುವ ಬಿಲ್ಲೆ.
ಕ್ಲೈವ್ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ,
ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬರೆದ.

ನಾನು ದೋಣಿ ತೊಳೆದೆ, ಸೋಮವಾರದ ಗಿರಾಕಿಗೆ.
ಗೇಟು ದುರಸ್ತಿಗೆ ಲಾಕುಗಳ ನೀರು ಬಸಿಯುವುದು ಜನವರಿಯಲ್ಲಿ.
ಐದನೆಯದರ ಸರದಿ ಬರುವ ಜನವರಿ ಅಲ್ಲ,
ಅದರಾಚೆಯದು.
ಕ್ಲೈವ್ ಹೊಸ ಕ್ಯಾಲೆಂಡರ್ ಇನ್ನೂ ಸಿಗದೆ
ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಗುರುತು ಹಾಕಿ,
"ಅಲ್ಲಿಯವರೆಗೆ ಇರಲಿ" ಅಂದ.
ಯಾರಿಗೆ ಅಂದನೋ.