ಕಣ್ಣಳತೆ

ಪೆಟ್ಟಿಗೆ ಬಂದದ್ದು ಮಾರ್ಚಿನಲ್ಲಿ, ನಾರಿನ್ ಪೇಟೆಯಿಂದ,
ಬ್ರೆಡ್ಡು ತರುವ ವ್ಯಾನಿನ ಹಿಂದಿನ ಸೀಟಿನಲ್ಲಿ.
ಕುದುರೆಯ ಕಣ್ಪಟ್ಟಿಯಂಥ ಕನ್ನಡಕ. ಒಂದೇ ಒಂದು.
ತರಗತಿಯಲ್ಲಿ ಮೂವತ್ತೊಂದು ತಲೆ.
ಭಾಗಾಕಾರ ಅಲ್ಲಿಂದಲೇ ಶುರು:
ತಲೆಗೆ ಒಂದೂಕಾಲು ನಿಮಿಷ,
ಶೇಷ ನಾನು.

ಐಪೆರಿ ಶನಿಯ ಬಳೆ ಮುಟ್ಟಲು ಹೋಗಿ
ಸೀಮೆಸುಣ್ಣದ ಡಬ್ಬಿ ಬೀಳಿಸಿದಳು.
ತೋಳದ ಹಿಂದೆ ಕುದುರೆ ಓಡಿಸುವ ತೊಕ್ತಾರ್
ಶಂಕುವಿನ ತುದಿಯಲ್ಲಿ ನಿಂತು
ಕೆಳಗೆ ನೋಡಲಾರದೆ ಮೇಜಿನ ಕಾಲು ಹಿಡಿದ.
ಹೊರಗಿದ್ದವರಿಗೆ ಅದೇ ಸಿನಿಮಾ.

ಉಲುಕ್ಮಾನನ ಸರದಿ ಬಂದಾಗ ನಗು ನಿಂತಿತು.
ನಾಲ್ಕನೇ ವಯಸ್ಸಿಗೆ ಅವನ ಎಡಗಣ್ಣು ಹೋಗಿದೆ,
ಚಾಟಿಯ ತುದಿ ತಾಗಿ.
ಯಾರ ಚಾಟಿ ಎಂದು ಊರು ಕೇಳುವುದಿಲ್ಲ.
ಕೈಪಿಡಿ ಹೇಳುತ್ತದೆ: ಎರಡು ಕಣ್ಣಿಗೆ ಎರಡು ಚಿತ್ರ,
ಎರಡೂ ಕೂಡಿದರೆ ಆಳ.
ಅವನ ಬಳಿ ಕೂಡಿಸಲು ಇನ್ನೊಂದಿಲ್ಲ.
ಬೇಡ, ಬಿಡು ಎನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಪಟ್ಟಿ ಬಿಗಿದುಕೊಂಡಿದ್ದ.

ಮೊದಲು ಸುಮ್ಮನೆ ನಿಂತ.
ಆಮೇಲೆ ತಲೆ ಎಡಕ್ಕೆ ಒಂದು ಗೇಣು.
ಬಲಕ್ಕೆ ಒಂದು ಗೇಣು.
ಮತ್ತೆ ಎಡಕ್ಕೆ,
ಬೇಲಿಯಾಚೆ ನಾಯಿ ಉಂಟೋ ಎಂದು ನೋಡುವ ಮರಿಕುದುರೆಯ ಹಾಗೆ.
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಎಜೆ, ಈ ನಕ್ಷತ್ರ ಹತ್ತಿರದ್ದು. ಜಾಸ್ತಿ ಓಡುತ್ತದೆ.
ಅಕೋ, ಅದು ಅಲ್ಲಾಡುವುದೇ ಇಲ್ಲ,
ತೀರಾ ದೂರ."
ಯಾರು ಹೇಳಿಕೊಟ್ಟರೋ?
"ಯಾರೂ ಇಲ್ಲ. ಚಹಾ ಬಗ್ಗಿಸುವಾಗ ಹೀಗೇ ಮಾಡ್ತೀನಿ,
ಬಟ್ಟಲು ಎಷ್ಟು ದೂರ ಅಂತ ತಿಳಿಯಲಿಕ್ಕೆ."

ಅದು ಹನ್ನೊಂದನೇ ಪಾಠ. ನಾನಿನ್ನೂ ಆರರಲ್ಲಿದ್ದೆ.
ಜನವರಿಯಲ್ಲಿ ಆ ಕಡೆ, ಜುಲೈಯಲ್ಲಿ ಈ ಕಡೆ
ಸೂರ್ಯನ ಸುತ್ತ ವಾಲುತ್ತ ವಾಲುತ್ತ
ನಕ್ಷತ್ರದ ದೂರ ಅಳೆಯುವ ಭೂಮಿಯೂ
ಒಕ್ಕಣ್ಣಿಯೇ ಎಂದು
ಇಪ್ಪತ್ತು ವರ್ಷ ಕಲಿಸಿದ ನನಗೆ
ಹೊಳೆದಿರಲಿಲ್ಲ.

ಇಪ್ಪತ್ಮೂರನೆಯವಳ ತಲೆಯ ಮೇಲೆ ಬ್ಯಾಟರಿ ಸತ್ತಿತು.
ಉಳಿದ ಎಂಟು ಮಂದಿ ನನ್ನ ಮುಖ ನೋಡಿದರು.
ಅವನೇ ಕರೆದುಕೊಂಡು ಹೋದ, ಕಿಟಕಿಯ ಬಳಿಗೆ.
ಹೆಬ್ಬೆರಳು ಚಾಚಿ ಎಂದ.
ಬೆರಳು, ಅದರಾಚೆ ಪಾಪ್ಲರ್ ಮರ, ಅದರಾಚೆ ನೀರಿನ ಟ್ಯಾಂಕು,
ಎಲ್ಲದರಾಚೆ ಹಿಮ.
ಒಂದು ಕಣ್ಣು ಮುಚ್ಚಿ ತಲೆ ಆಡಿಸಿ,
ಯಾವುದು ಓಡುತ್ತೆ ನೋಡಿ.

"ಯಾವ ಕಣ್ಣು ಮುಚ್ಚಬೇಕು?"
ಬೆರ್ಮೆತ್ ಕೇಳಿದಳು.

ಅವನಿಗೆ ಪ್ರಶ್ನೆ
ಅರ್ಥವಾಗಲಿಲ್ಲ.