ಅಂಕಿಗೊಂದು ಅಂಕಿತ

ಒಸ್ತ್ರಾವಾದ ಟ್ರಾಮ್ ಡಿಪೋ. ಜನವರಿಯ ರಾತ್ರಿ.
ಸಾವಿರದಿನ್ನೂರ ಏಳನೆಯ ಗಾಡಿಯ ಹೊಟ್ಟೆ ಬಿಚ್ಚಿಟ್ಟುಕೊಂಡು
ನಾನೂ ರಾದಿಮನೂ ಕೂತಿದ್ದೇವೆ.
ಕಾಯಿಲೆ ಇಷ್ಟೇ:
ಹಳೇ ಗಣಿ ಎಂಬ ನಿಲ್ದಾಣದಲ್ಲಿ ಮಾತ್ರ
ಇದರ ಬಾಗಿಲು ಮುಚ್ಚುವುದು ಒಂಬತ್ತು ಸೆಕೆಂಡು ತಡ.
ಬೇರೆಲ್ಲೂ ಇಲ್ಲ. ಚಳಿಯೆಂದರು, ತುಕ್ಕೆಂದರು,
ಮೋಟಾರನ್ನೇ ಬದಲಿಸಿದರು.
ಒಂಬತ್ತು ಅಂದರೆ ಒಂಬತ್ತೇ.

ಡಿಬಗ್ಗರನ್ನು ಕೇಳಿದೆವು. ತೋರಿಸಿದ್ದು ಒಂದು ವಿಳಾಸ,
ಸೊನ್ನೆಗಳ ಸಾಲಿನ ಕೊನೆಗೆ ಒಂದು, ಎ, ನಾಲ್ಕು.
ಆ ಮನೆಯಲ್ಲಿ ಒಂಟಿಯಾಗಿ ಒಂಬತ್ತು.
ಯಾರಪ್ಪಾ ನೀನು ಅಂದರೆ
ಸಂಕೇತಗಳು ಸಿಗಲಿಲ್ಲ ಎಂದಿತು ಪರದೆ.
ಅಂಕಿ ಇತ್ತು.
ಅಂಕಿತ ಇರಲಿಲ್ಲ.

ಬರೆದವನು ವ್ಲಸ್ತಿಮಿಲ್ ಹ್ರೂಷ್ಕಾ. ತೀರಿಕೊಂಡು ಆರು ವರ್ಷ.
ಬಿಟ್ಟುಹೋದದ್ದು ನಲವತ್ತು ಸಾವಿರ ಸಾಲು,
ಹುಡುಕಿದರೂ ಒಂದು ಟಿಪ್ಪಣಿಯಿಲ್ಲ.
ಮಾತಿಗೂ ಕಾಸು ಕೊಡಬೇಕಿತ್ತೇನು ಈ ಮನುಷ್ಯನಿಗೆ
ಎಂದು ರಾದಿಮ್ ಗೊಣಗಿದ.

ಕಂಪೈಲರ್ ಕೆಟ್ಟದ್ದಲ್ಲ, ಜಿಪುಣ.
ಹೆಸರುಗಳನ್ನು ಚಪ್ಪಲಿಯ ಹಾಗೆ ಹೊರಗೇ ಬಿಡಿಸಿ
ಬರಿಗಾಲಲ್ಲಿ ಒಳಗೆ ಕಳಿಸುತ್ತದೆ.
ಚಿಪ್ಪಿಗೆ ಹೆಸರು ಯಾಕೆ? ಅದಕ್ಕೆ ಬೇಕಾದದ್ದು ಜಾಗ.
ಹೆಸರು ಬೇಕಾಗುವುದು
ರಾತ್ರಿ ಎರಡಕ್ಕೆ ಎಚ್ಚರವಿರುವವರಿಗೆ.

ಹೈಫನ್ ಜಿ ಕೊಟ್ಟೆವು. ಆಯಿತು ಅಂದುಕೊಂಡೆವು.
ಫೈಲು ಆರು ಪಟ್ಟು ಊದಿಕೊಂಡು ಹೊರಬಂತು.
ಡಿಬಗ್ಗರು ಮೂಸಿ ನೋಡಿ ಮುಖ ತಿರುಗಿಸಿತು:
ಇದು ಐದನೆಯ ಆವೃತ್ತಿಯಂತೆ,
ತನಗೆ ಬರುವುದು ಎರಡರವರೆಗೆ ಮಾತ್ರವಂತೆ.
ಒಂದಕ್ಕೆ ಬರೆಯಲು ಬರುತ್ತದೆ, ಒಂದಕ್ಕೆ ಓದಲು,
ಇಬ್ಬರಿಗೂ ಒಂದೇ ಮಗ್ಗಿ ಕಲಿಸಿದವರಿಲ್ಲ.
ಹೊಸ ಡಿಬಗ್ಗರು ತರೋಣವೆಂದರೆ
ಈ ಗಾಡಿಯ ಕಾಲದ ಕೇಬಲ್ಲು ಅದಕ್ಕೆ ಹೊಂದುವುದಿಲ್ಲ.
ಕಂಪೈಲರಿಗೇ ಕೈಮುಗಿದೆವು:
ಹಳಬರಿಗೆ ತಿಳಿಯುವ ಹಾಗೆ ಬರಿ ಮಾರಾಯ,
ಎರಡನೆಯದರಲ್ಲೇ ಬರಿ.

ಬರೆಯಿತು. ಆದರೂ ಕೇಳಿದ ಅರ್ಧಕ್ಕರ್ಧ ಹೆಸರಿಗೆ
ಒರೆಸಿಹೋಗಿದೆ ಎಂಬ ಉತ್ತರ.
ವೇಗದ ಆಸೆಗೆ ನಾವೇ ಫಂಕ್ಷನ್ನುಗಳನ್ನು
ಒಂದರೊಳಗೊಂದು ಕರಗಿಸಿದ್ದೆವು, ಬೆಲ್ಲ ನೀರಾದ ಹಾಗೆ.
ರಾದಿಮ್ ವೇಗವನ್ನೂ ಸೊನ್ನೆಗಿಳಿಸಿದ.
ವಿಳಾಸ ಬದಲಾಯಿತು.
ಒಂಬತ್ತು ಬದಲಾಗಲಿಲ್ಲ.

ಮೂರೂಮುಕ್ಕಾಲು. ಥರ್ಮಾಸಿನ ತಳದ ತಣ್ಣನೆ ಚಹಾ.
ಪರದೆಯ ಮೇಲೆ ಚೆಕ್ ಮಾತುಗಳು
ನಿದ್ದೆಗಣ್ಣಲ್ಲಿ ಹೊರಬಂದವರ ಹಾಗೆ ಬಂದು ನಿಂತವು.
ದ್ವೆರ್ಝೆ, ಬಾಗಿಲು.
ಚೆಕೇಯ್, ಕಾದಿರು.
ಹಿಂದೆಯೇ ಆ ಒಂಬತ್ತು, ತನ್ನ ಹೆಸರು ಹೊತ್ತು:

ಬಾಬಿಚ್ಕಾ.

ಅಜ್ಜಿ.

ರಾದಿಮ್ ನಕ್ಕ. ಆಮೇಲೆ ನಗಲಿಲ್ಲ.
ಯಾರ ಅಜ್ಜಿಯೋ. ಅವನದೋ, ಅಲ್ಲಿದ್ದ
ಗಣಿ ಕಾರ್ಮಿಕರ ಸಾಲುಮನೆಗಳದೋ.
ಈಗ ಅಲ್ಲಿ ಕಾರು ತೊಳೆಯುತ್ತಾರೆ.
ಊರುಗೋಲು ಮೊದಲು, ಆಮೇಲೆ ಚೀಲ, ಆಮೇಲೆ ಎಡಗಾಲು,
ಮೂರು ಮೆಟ್ಟಿಲಿಗೆ ಒಂಬತ್ತು ಸೆಕೆಂಡು.
ನಿಂತು ಎಣಿಸಿರಬೇಕು ಹ್ರೂಷ್ಕಾ.
ದುಂಡಗೆ ಹತ್ತು ಎಂದು ಬರೆದಿಲ್ಲ.

ತೆಗೆಯಲೇ? ಎಂದ ರಾದಿಮ್, ಬೆರಳು ಕೀಲಿಯ ಮೇಲೆ.
ದೂರಿನ ಚೀಟಿಗೆ ಆರರೊಳಗೆ ಉತ್ತರ ಬರೆಯಬೇಕು.

ನಾನು ಕೋಟು ಹಾಕಿಕೊಂಡು
ಅದೇ ಗಾಡಿಯ ಮೊದಲ ಸುತ್ತಿಗೆ ಹತ್ತಿದೆ.
ಹಳೇ ಗಣಿ. ಬಾಗಿಲು ತೆರೆಯಿತು. ಯಾರೂ ಇಲ್ಲ.
ಒಂದು ಹಿಡಿ ಹಿಮ ಒಳಬಂದು
ಮೊದಲ ಸೀಟಿನ ಕಾಲ ಬಳಿ ಕೂತಿತು.
ಚಾಲಕಿ ಯಿಂದ್ರಿಷ್ಕಾ ಕನ್ನಡಿಯಲ್ಲಿ ನನ್ನ ನೋಡಿ
ಏನು ಕೆಟ್ಟಿದೆ ಅಂತ ಸಿಕ್ಕಿತಾ, ಎಂದಳು.
ಐದು. ಆರು. ಏಳು.
ತಡಿ, ಎಂದೆ,
ಇನ್ನೆರಡಿದೆ.