ತಿಳಿ

ಸೊಹಾರ್, ಬೆಳಗಿನ ಐದೂವರೆ.
ಬಂದರಿನ ರಾತ್ರಿಪಾಳಿ ಮುಗಿಸಿದ ಬಸ್ಸು
ನಮ್ಮ ಲ್ಯಾಬಿನ ಹಿಂಬಾಗಿಲಿಗೆ ಬಂದು ನಿಲ್ಲುತ್ತದೆ.
ನಲವತ್ತೊಂದು ಜನ, ನಲವತ್ತೊಂದು ಖಾಲಿಹೊಟ್ಟೆ
ಎಂದು ನಮ್ಮ ಕಾಗದ ನಂಬುತ್ತದೆ.

ರಾತ್ರಿಯೆಲ್ಲ ಎಚ್ಚರವಿದ್ದವರ ಲಿವರು
ಯಾವ ಹೊತ್ತಿಗೆ ಕೊಲೆಸ್ಟರಾಲ್ ಕಟ್ಟುತ್ತದೆ,
ಗುಳಿಗೆ ಮಲಗುವ ಮುಂಚೆಯೋ, ಎದ್ದ ಮೇಲೋ:
ಇಷ್ಟೇ ನನ್ನ ಪ್ರಶ್ನೆ. ಮೂರು ವರ್ಷದ ಅನುದಾನ.
"ಮಗಳು ಗಲ್ಫಿನಲ್ಲಿ ಎಣ್ಣೆ ಕಂಪನಿಯಾ?" ಅಂದವರಿಗೆ
ಅಮ್ಮ ಹೇಳುತ್ತಾಳೆ,
"ಎಣ್ಣೆಯೇ, ಆದರೆ ಒಳಗಿನದು."

ನಮ್ಮಲ್ಲಿ ಕೊಬ್ಬು ಅಂದರೆ ಬೈಗುಳ.
ಹೇಳಿದ್ದು ಕೇಳದವನಿಗೆ, ಎದುರಾಡಿದವಳಿಗೆ.
ನನಗೂ ಬಿದ್ದಿತ್ತು, ಬಂದ ಗಂಡನ್ನು ಬೇಡವೆಂದಾಗ.
ಇವರೋ, ಬೆಲ್ಟಿಗೆ ಮೊಳೆಯಿಂದ
ಹೊಸ ತೂತು ಕೊರೆದುಕೊಂಡವರು.
ಫೋರ್‌ಮನ್ನಿಗೆ ಎದುರಾಡಿದ ಒಬ್ಬನೂ ಇಲ್ಲ.

ಹತ್ತು ನಿಮಿಷ ಗಿರಗಿರ ತಿರುಗಿಸಿದರೆ
ಕೆಂಪು ತಳಕ್ಕೆ, ತಿಳಿ ಮೇಲಕ್ಕೆ.
ಕೆಲವರದು ತಿಳಿಯೇ ಅಲ್ಲ, ಹಾಲು.
"ಏನು ತಿಂದಿರಿ?"
"ಏನಿಲ್ಲ ಮೇಡಂ."
ನಾಳೆವರೆಗೆ ಫ್ರಿಜ್ಜಿನಲ್ಲಿಟ್ಟರೆ
ಕೆನೆ ಕಟ್ಟಿ
ಪರೋಟ ತಾನೇ ಬಾಯಿ ಬಿಡುತ್ತದೆ.

ಇಪ್ಪತ್ತೇಳನೆಯವನು ಕ್ರೇನ್ ಆಪರೇಟರ್.
ಮಾತು ಕೊಪ್ಪಳದ ಕಡೆಯದು, ಹಾಗಾಗಿ
ಕೇಳಬಾರದ ಹೆಸರು ಕೇಳಿಬಿಟ್ಟೆ: ದ್ಯಾಮಣ್ಣ.
ತನ್ನ ಕೊಳವೆಯನ್ನೇ ನೋಡುತ್ತಾ ಕೂತಿದ್ದ.
"ನಂದು ತಿಳಿ ಐತಲ್ರೀ, ಚಲೋ ಐತಿ."
ಹೌದು, ಜೋಳದ ದಂಟಿನ ಬಣ್ಣ, ಒಂದು ಮಬ್ಬಿಲ್ಲ.
ಮಧ್ಯಾಹ್ನ ಯಂತ್ರ ಅಂದಿತು: ಮುನ್ನೂರ ಹನ್ನೊಂದು.
ಮತ್ತೆ ಹಾಕಿದೆ.
ಮುನ್ನೂರ ಎಂಟು.

ನೂರ ತೊಂಬತ್ತು ದಾಟಿದವರು ಅಧ್ಯಯನಕ್ಕೆ ಸಲ್ಲರು.
ನಿಯಮ ಬರೆದವಳು ನಾನೇ. ಸರಿಯಾದ ನಿಯಮ.
ಇಂಥವನ ಕೈಗೆ ಚೀಟಿ ಎತ್ತಿ
ಬರೀ ಹಿಟ್ಟಿನ ಗುಳಿಗೆ ಕೊಡಲಾಗದು.

ಕರೆಸಿದೆ. ಇಸ್ತ್ರಿ ಅಂಗಿ ಹಾಕಿ ಬಂದ,
ಪಾಸ್‌ಪೋರ್ಟಿನ ನಕಲು ಹಿಡಿದು.
"ನಿಮ್ಮನ್ನು ಕೈಬಿಟ್ಟಿದ್ದೇವೆ" ಅಂದೆ.
ಇಷ್ಟು ಓದಿ, ಎಂಥ ಮಾತು.
"ಮೆಡಿಕಲ್ ಫೇಲಾತೇನ್ರೀ? ವಾಪಸ್ ಕಳಿಸ್ತಾರೇನು?"

ಇಲ್ಲ. ಇಲ್ಲ. ಇಲ್ಲ ಮಾರಾಯ.
ಕಣ್ಣು ನೋಡಿದೆ: ಕರಿಗುಡ್ಡೆಯ ಸುತ್ತ ಬೂದಿಬಿಳಿ ಬಳೆ.
ಹಿಮ್ಮಡಿಯ ಮೇಲಿನ ನರ ಮುಟ್ಟಿದೆ: ಹಗ್ಗದ ಗಂಟು.
"ಅಪ್ಪ ಇದ್ದಾರಾ?"
"ರೈಸ್ ಮಿಲ್ಲಿನಾಗ ಹಮಾಲ್ರೀ. ನಲವತ್ತೆರಡಕ್ಕ ಹೋದ.
ಹೊತ್ತ ಚೀಲ ಇಳಿಸ್ಲೇ ಇಲ್ಲ.
ಗಾಳಿ ಬಡೀತು ಅಂದ್ರು."
ಇವನಿಗೆ ಮೂವತ್ತೊಂಬತ್ತು.

ಕಿಟಕಿಯಾಚೆ ಕಡಲಲ್ಲಿ ಲಂಗರು ಹಾಕಿದ ಹಡಗುಗಳು.
ಅವನ್ನೇ ತೋರಿಸಿದೆ:
ಕೊಬ್ಬು ಹೊತ್ತು ಬರುವ ಹಡಗು ಅಂದ್ಕೊಳ್ಳಿ, ಲಿವರು ಬಂದರು.
ನಿಮ್ಮದರಲ್ಲಿ ಹುಟ್ಟಿದಾಗಿನಿಂದ ಅರ್ಧ ಬರ್ತ್ ಇಲ್ಲ.
ನಿಮ್ಮ ತಪ್ಪಲ್ಲ, ಊಟದ್ದೂ ಅಲ್ಲ.
ಅವನು ತಡಮಾಡಲಿಲ್ಲ:
"ಹಂಗಾರ ಹೊರಗ ನಿಂತ್ ನಿಂತು ತುಕ್ಕು ಹಿಡೀತಾವ್ರೀ."

ತುಕ್ಕು!
ಅದನ್ನೇ ಆಕ್ಸಿಡೀಕರಣವೆಂದು
ನನ್ನ ಪ್ರಬಂಧದಲ್ಲಿ ಹದಿನಾಲ್ಕು ಪುಟ ಬರೆದಿದ್ದೆ.

ಗುಳಿಗೆಯಿದೆ, ಇದ್ದ ಬರ್ತಿಗೆ ಇನ್ನಷ್ಟು ಸೇರಿಸುವಂಥದ್ದು,
ಇನ್ನು ಬಿಡುವ ಹಾಗಿಲ್ಲ, ಅಂದೆ.
ತಲೆಯಾಡಿಸಿದ. ಬಾಗಿಲವರೆಗೆ ಹೋಗಿ ತಿರುಗಿದ.
"ಒಂಬತ್ತು ವರ್ಷದ ಮಗಳದಾಳ್ರೀ."
ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ
ಎಂದು ಹೇಳುವುದು ಹೇಗೆಂದು ನೋಡುತ್ತಿದ್ದೆ.
"ಆಕಿ ರಕ್ತಾನೂ ನೋಡಿಸ್ಬೇಕಲ್ರೀ?" ಅಂದ.
ನೋಡಿಸಬೇಕು.
ಕಾರಿಡಾರಿನಲ್ಲಿ ಅವನು ಮನೆಗೆ ಫೋನು ಹಚ್ಚಿದ್ದು ಕೇಳಿತು:
"ರೊಕ್ಕ ಬಂತೇನು?
...ಹ್ಞೂಂ.
...ಏನಿಲ್ಲ, ಸುಮ್ನ ಮಾಡಿದೆ."

ಪಟ್ಟಿಯಲ್ಲಿ ಈಗ ನಲವತ್ತು.
ನಾಳೆ ಎಂಟೂವರೆಗೆ ಹೃದಯದ ಡಾಕ್ಟರು, ಷಂಸಾ.
ಅವನ ಪಾಳಿ ಬದಲಿಸಲು ಫೋರ್‌ಮನ್ನಿಗೆ
ನಾನೇ ಫೋನು ಮಾಡಬೇಕು, ಒಪ್ಪುವ ತನಕ.
ಫೋರ್‌ಮನ್ ತಲಶ್ಶೇರಿಯವನು.
ಅವರ ಮಾತಿನಲ್ಲೂ ಕೊಬ್ಬಿಗೆ ಎರಡು ಅರ್ಥ.
ಈ ಹೆಂಗಸಿಗೆ ಎಷ್ಟು ಕೊಬ್ಬು ಅಂದಾನು.

ಅನ್ನಲಿ.